ಗುಳೇದಗುಡ್ಡದ ಪುಟ್ಟ ಮೋಟಾರು

ಗುಳೇದಗುಡ್ಡಕ್ಕೆ ಹೋಗುವವರಲ್ಲಿ ಬಹುಜನರು ಖಣಗಳನ್ನು ಕೊಳ್ಳುವದಕ್ಕಾಗಿ ಹೋಗುತ್ತಾರೆ. ಇಳಕಲ್ಲಿನ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸವೆಂಬುದು ನಮ್ಮ ಕಡೆಯ ಹೆಣ್ಣುಮಕ್ಕಳ ಹಳೆಯ ಲೆಕ್ಕ. ಆದರೆ ಕಳೆದ ದೀಪಾವಳಿಯ ಸೂಟಿಯಲ್ಲಿ ನಾವು ಧಾರವಾಡದಿಂದ ಆ ಊರಿಗೆ ಹೋದದ್ದು ಖಣಕ್ಕಾಗಿ ಅಲ್ಲ. ನಮ್ಮ ಸೋದರಮಾವನವರ ಅಂಗಳದಲ್ಲಿ ನಿಂತಿದ್ದ ಹಳೆಯ ಮೋಟಾರೊಂದರ ಅಳತೆಯನ್ನು ತೆಗೆದುಕೊಳ್ಳುವದಕ್ಕಾಗಿ. ಹದಿನಾಲ್ಕು ವರ್ಷದ ನಮ್ಮ ಕಿರಿಯ ಮಗನು ಸಂಗಡ ಇದ್ದನು. ನಿಜ ಹೇಳಬೇಕಾದರೆ, ಅವನೇ ನಮ್ಮನ್ನು ಕರೆದುಕೊಂಡು ಹೋದನು.

ಈ ಹುಡುಗನಿಗೆ ಪುಟ್ಟ ಮೋಟಾರುಗಳನ್ನು ಕಟ್ಟುವ ಹವ್ಯಾಸವುಂಟು. ಅಂಗಡಿಯ ಆಟಿಕೆಯನ್ನು ತಂದು ನೆಲದ ಮೇಲೆ ಉರುಳಿಸುವದು ಬೇರೆ, ಇದು ಬೇರೆ. ನಿಜವಾದ ಮೋಟಾರಿನ ಪ್ರತಿಯೊಂದು ಭಾಗವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಅಂಗೈಯಲ್ಲಿ ಹಿಡಿಯುವಂತೆ ಮಾಡುವದೇ ಈ ಕಲೆಯ ಗುಟ್ಟು. ಹದಿನೆಂಟರಲ್ಲಿ ಒಂದು, ಇಪ್ಪತ್ತನಾಲ್ಕರಲ್ಲಿ ಒಂದು, ನಲವತ್ತಮೂರರಲ್ಲಿ ಒಂದು ಎಂದು ಇದರಲ್ಲಿ ನಾನಾ ಪ್ರಮಾಣಗಳುಂಟು. ಇಪ್ಪತ್ತನಾಲ್ಕರಲ್ಲಿ ಒಂದು ಎಂದರೆ ಒಂದು ಅಡಿಗೆ ಅರ್ಧ ಅಂಗುಲ. ಮನೆಯವರಿಗೆ ತಿಳಿಯುವಂತೆ ಹೇಳಬೇಕಾದರೆ ಇದಕ್ಕಿಂತ ಸುಲಭವಾದ ಲೆಕ್ಕವಿಲ್ಲ. ಪೇಟೆಯಲ್ಲಿ ಸಿಕ್ಕುವ ಪೆಟ್ಟಿಗೆಗಳಲ್ಲಿ ಪ್ಲಾಸ್ಟಿಕ್ಕಿನ ಬಿಡಿಭಾಗಗಳು ಒಂದು ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಅವುಗಳನ್ನು ಕತ್ತರಿಸಿ, ಅಂಚನ್ನು ಉಜ್ಜಿ, ಅಂಟು ಹಾಕಿ ಕೂಡಿಸಿ, ಬಣ್ಣವನ್ನು ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ಒಂದು ಬಳಿತ ಒಣಗುವ ಮೊದಲೇ ಇನ್ನೊಂದನ್ನು ಬಳಿದರೆ ಎಲ್ಲವೂ ಹಾಳು. ಅವಸರದ ಸ್ವಭಾವದವರಿಗೆ ಈ ಹವ್ಯಾಸವು ಹೇಳಿದ್ದಲ್ಲ.

ಇದು ಮಕ್ಕಳಾಟವೆಂದು ನಾವು ಮೊದಲು ನಕ್ಕದ್ದುಂಟು. ಆದರೆ ಅಮೇರಿಕೆಯಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯ ಫಿಶರ್ ಬಾಡಿ ವಿಭಾಗದವರು 1930ರಿಂದ 1968ರ ವರೆಗೆ ಬಾಲಕರಿಗಾಗಿ ಇಂಥ ಮಾದರಿಗಳ ಸ್ಪರ್ಧೆಯನ್ನೇ ನಡೆಯಿಸಿದ್ದರು. ಮೊದಮೊದಲು ನೆಪೋಲಿಯನ್ನನ ಕಾಲದ ಸಾರೋಟಿನ ಮಾದರಿಯನ್ನು ಕಟ್ಟಬೇಕಾಗಿತ್ತು. ಮುಂದೆ ತಾವೇ ಕಲ್ಪಿಸಿದ ಮೋಟಾರನ್ನು ಕಟ್ಟುವ ಅವಕಾಶ ದೊರೆಯಿತು. ಗೆದ್ದವರಿಗೆ ಕಾಲೇಜಿನ ವಿದ್ಯಾರ್ಥಿವೇತನ. ಈ ಸಂಗತಿಯನ್ನು ಮಗನು ನಮಗೆ ಓದಿ ತೋರಿಸಿದ ಮೇಲೆ ನಮ್ಮ ನಗೆಯು ನಿಂತಿತು.

ಮಾವನವರ ಮೋಟಾರು ಅಂಬಾಸಡರ್. ಇಂಗ್ಲಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯನ್ನು ಆಧಾರವಾಗಿಟ್ಟುಕೊಂಡು ಹಿಂದುಸ್ತಾನ್ ಮೋಟರ್ಸ್‌ದವರು ಬಂಗಾಲದ ಉತ್ತರಪಾಡೆಯಲ್ಲಿ ಇದನ್ನು ಕಟ್ಟುತ್ತಿದ್ದರು. 1950ರ ದಶಕದ ಕೊನೆಯಲ್ಲಿ ಆರಂಭವಾದ ಈ ಕೆಲಸವು 2014ರಲ್ಲಿ ನಿಂತುಹೋಯಿತು. ಮಾವನವರು ಮೂವತ್ತು ವರ್ಷ ಈ ಗಾಡಿಯಲ್ಲಿ ಖಣದ ಗಂಟುಗಳನ್ನು ಹೇರಿಕೊಂಡು ಸೋಲಾಪುರ, ಪುಣೆಗಳ ಪೇಟೆಗಳಿಗೆ ಹೋಗಿ ಬಂದವರು. ಆರು ವರ್ಷಗಳ ಹಿಂದೆ ಅವರ ಕಣ್ಣಿನ ಬೆಳಕು ಹೋಯಿತು. ಅಂದಿನಿಂದ ಗಾಡಿಯು ಬೇವಿನ ಮರದ ಕೆಳಗೆ ನಿಂತುಬಿಟ್ಟಿತ್ತು. ಈಗ ಅವರ ಮಗನು ಆ ಅಂಗಳದಲ್ಲಿ ಎರಡು ವಿದ್ಯುನ್ಮಗ್ಗಗಳನ್ನು ಹೂಡಬೇಕೆಂದು ನಿಶ್ಚಯಿಸಿ, ಗಾಡಿಯನ್ನು ಗುಜರಿಯವರಿಗೆ ಕೊಡಲು ಮಾತಾಡಿ ಮುಗಿಸಿದ್ದನು. ಹೊಟ್ಟೆಯ ಪ್ರಶ್ನೆ, ಅವನನ್ನು ತಪ್ಪೆನ್ನುವಂತಿರಲಿಲ್ಲ. ಈ ಸುದ್ದಿಯನ್ನು ಕೇಳಿದ ನಮ್ಮ ಹುಡುಗನು, "ಅಪ್ಪಾ, ಅದು ಹೋಗುವದರೊಳಗೆ ಅಳತೆ ತೆಗೆದುಕೊಳ್ಳೋಣ. ಮುತ್ಯಾಗೆ ಒಂದು ಪುಟ್ಟ ಗಾಡಿ ಮಾಡಿಕೊಡುತ್ತೇನೆ" ಎಂದು ಹಟ ಹಿಡಿದನು.

ಹುಬ್ಬಳ್ಳಿ, ಗದಗ ದಾಟಿ, ಹೊಳೆಆಲೂರಿನ ಹತ್ತಿರ ಮಲಪ್ರಭೆಯನ್ನು ದಾಟಿ ಗಾಡಿಯು ಬದಾಮಿಗೆ ಬಂದಿತು. ಮುಂದೆ ಗುಳೇದಗುಡ್ಡ ರೋಡ್ ಎಂಬ ನಿಲ್ದಾಣವಿದ್ದರೂ ನಾವು ಬದಾಮಿಯಲ್ಲಿಯೇ ಇಳಿದು ಬಸ್ಸು ಹಿಡಿದೆವು. ಕೆಂಪುಗಲ್ಲಿನ ಗುಡ್ಡಗಳ ನಡುವೆ ರಸ್ತೆ ಹೊರಳುತ್ತದೆ. ಕಟಾವಿಗೆ ಬಂದ ಸಜ್ಜೆ, ಆಗತಾನೆ ಮೊಳೆತ ಬಿಳಿಜೋಳ. ಊರನ್ನು ಹೊಕ್ಕೊಡನೆ ಕಿವಿಗೆ ಬೀಳುವದು ಮಗ್ಗದ ಸಪ್ಪಳ. ಒಂದು ಓಣಿಯಲ್ಲಿ ಕುಣಿಮಗ್ಗದ ತೂಕದ ಲಯವಾದರೆ, ಮುಂದಿನ ಓಣಿಯಲ್ಲಿ ವಿದ್ಯುನ್ಮಗ್ಗದ ಬಿಡುವಿಲ್ಲದ ಗದ್ದಲ. ಕಣ್ಣು ಮುಚ್ಚಿಕೊಂಡು ನಡೆದರೂ ಯಾವ ಮನೆಯವರು ಯಾವ ಕಾಲದಲ್ಲಿದ್ದಾರೆಂದು ಹೇಳಬಹುದು.

ಮಾವನವರು ನಡುಮನೆಯಲ್ಲಿ ಮಗ್ಗದ ಪಕ್ಕದಲ್ಲಿಯೇ ಕುಳಿತಿದ್ದರು. ಕಣ್ಣು ಹೋದರೂ ಅವರ ಕೈ ಸುಮ್ಮನಿಲ್ಲ. ಸೊಸೆ ನೇಯುವಾಗ ಹಾಸಿನ ಎಳೆ ಹರಿದರೆ, ಬೆರಳಿನಿಂದ ಸವರಿ ಹರಿದ ತುದಿಯನ್ನು ಹುಡುಕಿ ಕೂಡಿಸಿಕೊಡುವವರು ಅವರೇ. ನಮ್ಮ ಹುಡುಗನು ಬೆರಗಾಗಿ ನೋಡಿದನು. ಮಾವನವರು ನಕ್ಕು, "ತಮ್ಮಾ, ಒಂದೆಳೆ ತಪ್ಪಿತಂದ್ರ ಹೂ ಹೂವಾಗಿ ಉಳಿಯಂಗಿಲ್ಲ. ಖಣದ ಹೂ ಎಷ್ಟು ಸಣ್ಣದೋ ಅಷ್ಟು ಲೆಕ್ಕ ಬಿಗಿ ಇರಬೇಕು" ಎಂದರು. ಈ ಮಾತು ಆಗ ನಮ್ಮ ಕಿವಿಯ ಮೇಲೆ ಬಿದ್ದಿತೇ ಹೊರತು ಒಳಗೆ ಇಳಿಯಲಿಲ್ಲ.

ಮರುದಿನ ಮುಂಜಾನೆ ಮಗನನ್ನು ಪಟ್ಟದಕಲ್ಲಿಗೆ ಕರೆದುಕೊಂಡು ಹೋದೆವು. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವನ್ನು ನಾವು ಹಲವು ಸಲ ನೋಡಿದ್ದೆವು. ಆದರೆ ಹುಡುಗನು ತೋರಿಸುವವರೆಗೆ ಒಂದು ಸಂಗತಿಯು ನಮಗೆ ಹೊಳೆದಿರಲಿಲ್ಲ. ಶಿಖರದ ಅಂತಸ್ತುಗಳ ಅಂಚಿನಲ್ಲಿ ಸಾಲಾಗಿ ನಿಂತಿರುವವು ಬರಿಯ ಅಲಂಕಾರಗಳಲ್ಲ. ಪುಟ್ಟ ಪುಟ್ಟ ಗುಡಿಗಳೇ! ಮೂಲೆಯಲ್ಲಿ ಚೌಕದ ಗುಡಿ, ನಡುವೆ ಉದ್ದನೆಯ ಗುಡಿ, ಒಂದೊಂದಕ್ಕೂ ಅದರದೇ ಆದ ಮಾಡು. ದೊಡ್ಡ ಗುಡಿಯು ಚಿಕ್ಕ ಗುಡಿಗಳಿಂದಲೇ ಕೂಡಿಕೊಂಡಿದೆ. "ಅಪ್ಪಾ, ಇವರೂ ಪ್ರಮಾಣ ಹಿಡಿದು ಕುಗ್ಗಿಸಿದವರೇ" ಎಂದು ಅವನು ಹಿಗ್ಗಿದನು. ನಮ್ಮ ತಾಯಿಯವರು ಎಳೆಗಳನ್ನು ಎಣಿಸಿ ಇಳಕಲ್ಲಿನ ಸೀರೆಯ ಸೆರಗಿನ ಮೇಲೆ ಕಸೂತಿಯ ತೇರನ್ನು ಎತ್ತುತ್ತಿದ್ದುದು ನಮಗೆ ನೆನಪಾಯಿತು. ಎಂಟಾಳೆತ್ತರದ ತೇರು ಅಲ್ಲಿ ನಾಲ್ಕು ಬೆರಳು. ಆದರೂ ಗಾಲಿ ಎಲ್ಲಿರಬೇಕೋ ಅಲ್ಲಿಯೇ.

ಪಟ್ಟದಕಲ್ಲಿನಿಂದ ತಿರುಗಿ ಬರುವದರೊಳಗೆ ಹೊತ್ತು ಇಳಿದಿತ್ತು. ಅಂದೇ ರಾತ್ರಿ ನಾವು ಊರಿಗೆ ಹೊರಡಬೇಕಾಗಿತ್ತು. ಮರುದಿನ ಗುಜರಿಯವರು ಬರುವವರಿದ್ದರು. ಬೇವಿನ ಮರದ ಕೆಳಗೆ, ನಾಲ್ಕು ಗಾಲಿಗಳಿಗೆ ನಾಲ್ಕು ಹಾಸುಗಲ್ಲುಗಳನ್ನು ಕೊಟ್ಟು ಗಾಡಿಯನ್ನು ನಿಲ್ಲಿಸಿದ್ದರು, ಮಳೆಗಾಲದ ಕೆಸರಿನಲ್ಲಿ ಹುಗಿಯಬಾರದೆಂದು. ಮಗನು ನೋಟುಬುಕ್ಕನ್ನು ತೆರೆದನು. ಟೇಪಿನ ಒಂದು ತುದಿಯನ್ನು ಅವನು ಹಿಡಿಯುವದು, ಇನ್ನೊಂದು ತುದಿಯಲ್ಲಿ ಅಂಕಿಯನ್ನು ನೋಡಿ ನಾವು ಕೂಗುವದು. ಉದ್ದ 4 ಮೀಟರ್ 32 ಸೆಂಟಿಮೀಟರ್. ಇಪ್ಪತ್ತನಾಲ್ಕರಲ್ಲಿ ಒಂದು ಎಂದರೆ 18 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಕಡಿಮೆ. ಹೀಗೆ ಬಾಗಿಲು, ಗಾಜು, ದೀಪ, ಎಲ್ಲವೂ ಆದುವು. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗೆ ಅಳೆಯುವಾಗ ಬಸ್ಸಿನ ಹೊತ್ತಾಗಿತ್ತು. ನಾವು ಟೇಪನ್ನು ನೋಡಿ, "ಎರಡು ಮೀಟರು ನಲವತ್ತು" ಎಂದು ಕೂಗಿದೆವು.

ಹುಡುಗನು ತಲೆಯೆತ್ತಿದನು. "ಪುಸ್ತಕದಲ್ಲಿ ಎರಡು ಮೀಟರು ನಲವತ್ತಾರು ಎಂದಿದೆ, ಅಪ್ಪಾ. ಇನ್ನೊಮ್ಮೆ ನೋಡೋಣವೇ?"

"ಪುಸ್ತಕದ ಗಾಡಿ ಬೇರೆ, ನಿಂತು ನಿಂತು ಕುಸಿದ ಈ ಗಾಡಿ ಬೇರೆ. ಕಣ್ಣಾರೆ ಅಳೆದದ್ದನ್ನು ಬಿಟ್ಟು ಪುಸ್ತಕವನ್ನು ನಂಬುವೆಯಾ? ಅಂಗೈಯಷ್ಟು ಗೊಂಬೆಯಲ್ಲಿ ಇದೆಲ್ಲ ಯಾರಿಗೆ ಕಾಣುವದು?" ಎಂದು ನಾವು ಗದರಿಕೊಂಡೆವು. ಅವನು ಸುಮ್ಮನೆ ಬರೆದುಕೊಂಡನು.

ಮುಂದಿನ ಎರಡು ತಿಂಗಳು ಅವನ ಸಂಜೆಗಳೆಲ್ಲ ಆ ಗಾಡಿಗೇ ಮೀಸಲಾದುವು. ಈ ಸಲ ಪೆಟ್ಟಿಗೆಯ ಬಿಡಿಭಾಗಗಳಿರಲಿಲ್ಲ. ಪ್ಲಾಸ್ಟಿಕ್ಕಿನ ತೆಳು ಹಾಳೆಗಳನ್ನು ಕತ್ತರಿಸಿ, ಬಿಸಿನೀರಿನಲ್ಲಿ ಮೆದುವಾಗಿಸಿ, ಕಟ್ಟಿಗೆಯ ಅಚ್ಚಿನ ಮೇಲೆ ಬಗ್ಗಿಸಬೇಕಾಗಿತ್ತು. ಅಂಬಾಸಡರಿನ ಮೈಯಲ್ಲಿ ನೆಟ್ಟನೆಯ ಗೆರೆಯೇ ಇಲ್ಲವೆಂಬುದು ನಮಗೆ ಗೊತ್ತಾದದ್ದು ಆಗಲೇ. ಮೂಗಿನ ದುಂಡು ಮೂರು ಸಲ ಒಡೆಯಿತು. ನಾವು ಚಿಕ್ಕವರಿದ್ದಾಗ ಜೋಳದ ದಂಟನ್ನು ಸುಲಿದು, ಬೆಂಡಿನ ಗಾಲಿಗೆ ಸಿಬಿರಿನ ಅಚ್ಚು ಚುಚ್ಚಿ ಚಕ್ಕಡಿ ಮಾಡುತ್ತಿದ್ದೆವು; ಅದು ಅರ್ಧ ತಾಸಿನ ಕೆಲಸ, ಅಳತೆಯ ಮಾತೇ ಇಲ್ಲ. ಅದರ ಸುಖ ಬೇರೆ. ಇವನ ತಾಳ್ಮೆಯನ್ನು ನೋಡುತ್ತ ನೋಡುತ್ತ ನಮಗೇ ತುಸು ನಾಚಿಕೆಯಾಯಿತು.

ಬನದ ಹುಣ್ಣಿವೆಯ ಹೊತ್ತಿಗೆ ಗಾಡಿ ಸಿದ್ಧವಾಯಿತು. ಬನಶಂಕರಿಯ ಜಾತ್ರೆಯ ನೆವದಿಂದ ಮತ್ತೆ ಹೊರಟೆವು. ಚೊಳಚಗುಡ್ಡದಲ್ಲಿ ತೇರು ಎಳೆದದ್ದನ್ನು ನೋಡಿ, ಮಾರಾಟಕ್ಕೆ ನಿಲ್ಲಿಸಿದ ಕಟ್ಟಿಗೆಯ ಬಾಗಿಲು ಚೌಕಟ್ಟುಗಳ ಸಾಲನ್ನೂ ನಾಟಕದ ತಂಬುಗಳನ್ನೂ ದಾಟಿ, ಮರುದಿನ ಗುಳೇದಗುಡ್ಡವನ್ನು ಸೇರಿದೆವು. ಅಂಗಳವು ಬರಿದಾಗಿತ್ತು. ಬೇವಿನ ಮರದ ಕೆಳಗೆ ಗಾರೆ, ಇಟ್ಟಂಗಿ, ಉಸುಕು ಬಿದ್ದಿದ್ದುವು.

ಹುಡುಗನು ಬಿಳಿಯ ಗಾಡಿಯನ್ನು ಮಾವನವರ ಅಂಗೈಯ ಮೇಲಿಟ್ಟನು. ಮನೆಯವರೆಲ್ಲ ಸುತ್ತಲೂ ಕೂಡಿದರು. ಮುದುಕರು ಮೊದಲು ಮೂಗನ್ನು ಸವರಿದರು, ಮುಖ ಅರಳಿತು. ಗಾಜಿನ ಇಳಿಜಾರು, ಮಾಡು, ಹಿಂಬದಿಯ ಗಂಟು ಹಾಕುವ ಜಾಗ, ಎಲ್ಲವನ್ನೂ ಒಂದೊಂದಾಗಿ ಹೆಸರು ಹಿಡಿದು ಕರೆದರು. ಕೊನೆಗೆ ಹಿಂದಿನ ಬಾಗಿಲಿನ ಹತ್ತಿರ ಬಂದು ಬೆರಳು ನಿಂತಿತು. ಮುಂದೆ ಹೋಯಿತು, ಹಿಂದೆ ಬಂದಿತು, ಮತ್ತೆ ಅಲ್ಲಿಯೇ ನಿಂತಿತು.

"ತಮ್ಮಾ, ಛಲೋ ಮಾಡೀದಿ. ಆದ್ರ ಈ ಹಿಂದಿನ ಗಾಲಿ ಬಾಗಲದಾಗ ನುಗ್ಗೇತಲ್ಲ? ನಿಮ್ಮ ಅಮ್ಮ ಇಲ್ಲಿಂದ ಇಳೀತಿದ್ದಳು. ಗಾಲಿ ಇಷ್ಟು ಮುಂದ ಇದ್ದಿದ್ರ ಆಕಿ ಕಾಲು ಇಡಾಕ ಜಾಗಾನ ಇರತಿರಲಿಲ್ಲ."

ಹುಡುಗನು ನಮ್ಮತ್ತ ನೋಡಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು. ಅವನು ನೋಟುಬುಕ್ಕನ್ನು ತೆರೆದು, "ಮುತ್ಯಾ, ಆರು ಸೆಂಟಿಮೀಟರು ತಪ್ಪಿರಬೇಕು" ಎಂದು ಮೆಲ್ಲಗೆ ಹೇಳಿದನು. ಪುಟ್ಟ ಗಾಡಿಯಲ್ಲಿ ಅದು ಎರಡೂವರೆ ಮಿಲಿಮೀಟರು, ಒಂದು ಜೋಳದ ಕಾಳಿಗಿಂತ ಕಡಿಮೆ. ಆದರೂ ಕಣ್ಣಿಲ್ಲದವರ ಬೆರಳಿಗೆ ಅದು ತಾಗಿತ್ತು. "ಆದರೆ ಯಾವದು ಸರಿಯೆಂದು ಈಗ ಹೇಗೆ ನೋಡುವದು? ಗಾಡಿ ಹೋಯಿತಲ್ಲ?"

"ಗಾಡಿ ಹೋಗೇತಿ, ಕಲ್ಲು ಎಲ್ಲಿಗೆ ಹೋದಾವು?" ಎಂದರು ಮಾವನವರು.

ಹೌದು! ಉಸುಕಿನ ರಾಶಿಯನ್ನು ಸರಿಸಿದಾಗ ನಾಲ್ಕು ಹಾಸುಗಲ್ಲುಗಳೂ ಅಲ್ಲಿಯೇ ಇದ್ದುವು. ಆರು ವರ್ಷ ಭಾರವನ್ನು ಹೊತ್ತ ಕೆಂಪುಗಲ್ಲಿನ ಮೇಲೆ ಟೈರುಗಳು ಕುಳಿತ ಜಾಗವು ಕಪ್ಪಗೆ, ಕಾಸಿನ ಗುರುತಿನಂತೆ ಉಳಿದಿತ್ತು. ಮಗ್ಗದ ಅಡಿಪಾಯಕ್ಕಾಗಿ ಇನ್ನು ಎಂಟು ದಿನಗಳಲ್ಲಿ ಆ ಕಲ್ಲುಗಳನ್ನು ಕಿತ್ತು ತೆಗೆಯುವವರಿದ್ದರು. ಈ ಸಲ ಟೇಪಿನ ತುದಿಯನ್ನು ಹಿಡಿದು ನಾವು ನೆಲಕ್ಕೆ ಮೊಣಕಾಲೂರಿದೆವು. ಕನ್ನಡಕವನ್ನು ಒರೆಸಿಕೊಂಡು ಎರಡು ಸಲ ಓದಿದೆವು. ಎರಡು ಮೀಟರು ನಲವತ್ತಾರು. ಮಾವನವರು ಕಟ್ಟೆಯ ಮೇಲೆ ಕುಳಿತು, "ಐದೂವರೆ ಮೊಳಕ್ಕ ಎರಡು ಬೆರಳು ಕಮ್ಮಿ ಆಗಬೇಕು. ಕಲ್ಲು ಹಾಸಿದಾಂವ ನಾನ" ಎಂದರು. ಲೆಕ್ಕ ಹಾಕಿ ನೋಡಿದೆವು. ಒಂದು ಬೆರಳೂ ಹೆಚ್ಚುಕಡಿಮೆ ಇರಲಿಲ್ಲ.

"ತಪ್ಪು ನಮ್ಮದು. ಅಂದು ಅವಸರದಲ್ಲಿ ಅಂಕಿಯನ್ನು ಪೂರ್ತಿ ನೋಡಲಿಲ್ಲ" ಎಂದು ಮಗನಿಗೆ ಎಲ್ಲರ ಮುಂದೆ ಹೇಳಿದೆವು. ಅವನು, "ಇರಲಿ ಬಿಡು ಅಪ್ಪಾ, ಕತ್ತರಿಸಿ ಕೂಡಿಸಿದರಾಯಿತು" ಎಂದು ಆಗಲೇ ಕೆಲಸಕ್ಕೆ ಕುಳಿತಿದ್ದನು. ಸೊಸೆಯು ಮಗ್ಗದ ಹತ್ತಿರದ ಸಣ್ಣ ಕತ್ತರಿಯನ್ನು ಕೊಟ್ಟಳು. ವಿದ್ಯುನ್ಮಗ್ಗ ಹೂಡಲಿರುವ ಮಗನೇ ದೀಪವನ್ನು ಹಿಡಿದು ನಿಂತನು. ರಾತ್ರಿ ಹತ್ತು ಹೊಡೆಯುವದರೊಳಗೆ ಹಿಂದಿನ ಗಾಲಿಯು ತನ್ನ ಸ್ಥಾನಕ್ಕೆ ಬಂದಿತು. ಬಣ್ಣ ಕಿತ್ತುಹೋದ ಕಡೆ ಒಂದು ಗೆರೆ ಹಾಗೆಯೇ ಉಳಿಯಿತು. ಮಾವನವರು ಮತ್ತೊಮ್ಮೆ ಸವರಿ, ಏನೂ ಅನ್ನದೆ ಗಾಡಿಯನ್ನು ಮಗ್ಗದ ಪಕ್ಕದ ಗೂಡಿನಲ್ಲಿಟ್ಟುಕೊಂಡರು.

ಚಿಕ್ಕ ವಸ್ತುವಿನಲ್ಲಿ ತಪ್ಪೂ ಚಿಕ್ಕದಾಗುವದೆಂದು ನಾವು ತಿಳಿದಿದ್ದೆವು. ಹಾಗಲ್ಲ; ಕುಗ್ಗಿಸಿದಷ್ಟೂ ಅದರ ಬೆಲೆ ಏರುತ್ತದೆ. ಇದನ್ನು ಖಣ ನೇಯುವವರು, ಕಸೂತಿ ಹಾಕುವವರು, ಶಿಖರ ಕಟ್ಟಿದವರು ಎಲ್ಲರೂ ಬಲ್ಲರು. ನಮ್ಮ ವಾಚಕರ ಮನೆಗಳಲ್ಲಿಯೂ ಹಳೆಯ ಚಕ್ಕಡಿಯೋ, ಮಗ್ಗವೋ, ಮೋಟಾರೋ ಮೂಲೆಯಲ್ಲಿ ನಿಂತಿರಬಹುದು. ಎಲ್ಲವನ್ನೂ ಇಟ್ಟುಕೊಳ್ಳಲು ಯಾರ ಅಂಗಳದಲ್ಲಿಯೂ ಎಡೆಯಿಲ್ಲ. ಆದರೆ ಅದನ್ನು ಸಾಗಹಾಕುವ ಮೊದಲು ಮನೆಯ ಹುಡುಗನ ಕೈಗೆ ಒಂದು ಟೇಪನ್ನೂ ನೋಟುಬುಕ್ಕನ್ನೂ ಕೊಡಿರಿ. ಟೇಪಿನ ಇನ್ನೊಂದು ತುದಿಯನ್ನು ನೀವೇ ಹಿಡಿಯಿರಿ. ಅವನು "ಇನ್ನೊಮ್ಮೆ ನೋಡೋಣವೇ" ಎಂದರೆ ಬಸ್ಸನ್ನು ತಪ್ಪಿಸಿಕೊಂಡಾದರೂ ಇನ್ನೊಮ್ಮೆ ನೋಡಿರಿ.