ಕಪಾಟು ಸೇರದ ಸಂಶೋಧನೆ

ಬಿ.ಎಡ್. ಮುಗಿಸಿದವರನ್ನು ಕ್ರಿಯಾ ಸಂಶೋಧನೆಯ ಬಗ್ಗೆ ಕೇಳಿ ನೋಡಿ. ಸಮಸ್ಯೆಯ ಆಯ್ಕೆ, ಸಂಭವನೀಯ ಕಾರಣ, ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ವರದಿಗೆ ರಟ್ಟು ಕಟ್ಟಿಸಿ ಕಾಲೇಜಿನ ಕಪಾಟಿಗೆ ಒಪ್ಪಿಸಿದ ಮೇಲೆ ಆ ಮಾತೇ ಮುಗಿಯಿತು. ಕ್ರಿಯಾ ಸಂಶೋಧನೆ ಎಂಬ ಹೆಸರನ್ನು 1940ರ ದಶಕದಲ್ಲಿ ಬಳಕೆಗೆ ತಂದವನು ಅಮೆರಿಕದಲ್ಲಿದ್ದ ಕರ್ಟ್ ಲೆವಿನ್. ಅದಕ್ಕೂ ಮುಂಚೆಯೇ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ, ತರಗತಿಯ ತೊಡಕನ್ನು ಮೇಷ್ಟ್ರೇ ಪ್ರಯೋಗ ಮಾಡಿ ಬಿಡಿಸುವ ಅಂಥ ಕೆಲಸ ಮಾಡಿದ್ದರು. ಅವರ ‘ದಿವಾಸ್ವಪ್ನ’ದ ಮೇಷ್ಟ್ರು ನಾಲ್ಕನೇ ತರಗತಿಯನ್ನು ಪ್ರಯೋಗಕ್ಕೆಂದು ಕೇಳಿ ಪಡೆಯುತ್ತಾನೆ. ಅವನ ಲೆಕ್ಕಾಚಾರವೆಲ್ಲ ಮೊದಲ ದಿನವೇ ತಲೆಕೆಳಗಾಗುತ್ತದೆ. ಮರುದಿನ ಕಥೆ ಹೇಳಲು ಕೂರುತ್ತಾನೆ. ಆ ಎರಡು ದಿನಗಳ ನಡುವಿನ ರಾತ್ರಿ ಅವನು ಮಾಡಿದ ಯೋಚನೆಯೇ ನನ್ನ ದೃಷ್ಟಿಯಲ್ಲಿ ನಿಜವಾದ ಸಂಶೋಧನೆ.

ಅಂಥ ಯೋಚನೆಗೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಎಷ್ಟೊಂದು ಎಡೆಯಿದೆ! ಮನೆಯಲ್ಲಿ ಲಂಬಾಣಿ ಆಡುವ ತಾಂಡಾದ ಹುಡುಗಿ, ತೆಲುಗು ಬಲ್ಲ ಗಡಿಯೂರಿನವನು, ದಖನಿ ಉರ್ದುವಿನವನು, ‘ಹೋಗ್ಯಾನ’, ‘ಬಂದಾನ’ ಅನ್ನುವ ಕನ್ನಡದವನು, ಎಲ್ಲರೂ ಒಂದೇ ಕೋಣೆಯಲ್ಲಿ. ಪಠ್ಯದ ಕನ್ನಡ ಅವರಲ್ಲಿ ಯಾರ ಮನೆಯದೂ ಅಲ್ಲ. ಕನ್ನಡ ಒಂದಲ್ಲ, ಹಲವು ಎಂದು ಒಂಬತ್ತನೇ ಶತಮಾನದಲ್ಲೇ ಗುರುತಿಸಿದ ಕವಿರಾಜಮಾರ್ಗ ಹುಟ್ಟಿದ್ದು ಸೇಡಂ ತಾಲೂಕಿನ ಮಳಖೇಡದ ಅರಸು ನೃಪತುಂಗನ ಆಸ್ಥಾನದಲ್ಲಿ. ಅದೇ ನೆಲದ ಹುಡುಗನ ‘ಹೋಗ್ಯಾನ’ಕ್ಕೆ ಕೆಂಪು ಗೀಟು ಎಳೆಯುವ ಮುನ್ನ ಕೈ ಒಂದು ಕ್ಷಣ ತಡೆಯಬೇಕು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 11ನೇ ಶತಮಾನದ ಘಟಿಕಾಸ್ಥಾನ, ಎಂದರೆ ಉನ್ನತ ವಿದ್ಯಾಕೇಂದ್ರವಿತ್ತು. ಗ್ರಂಥಭಂಡಾರ ಕಾಯುವವರಿಗೂ ಅಲ್ಲಿ ದತ್ತಿ ಬಿಟ್ಟಿದ್ದರೆಂದು ಶಾಸನ ಹೇಳುತ್ತದೆ. ಓದಿಗೆ ಇಷ್ಟು ಬೆಲೆ ಕೊಟ್ಟ ಈ ಜಿಲ್ಲೆ 2025ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 42.43 ಫಲಿತಾಂಶದೊಂದಿಗೆ ರಾಜ್ಯದ ಕೊನೆಗೆ ನಿಂತಾಗ ಹೊಟ್ಟೆ ಉರಿಯಿತು. ಆದರೂ ಯಾವ ಮಗು ಯಾವ ಲೆಕ್ಕದಲ್ಲಿ ಎಡವಿತು ಎಂಬುದನ್ನು ಆ ಶೇಕಡಾ ಹೇಳಲಾರದು. ಹೇಳಬಲ್ಲವರು ಆ ತರಗತಿಯ ಮೇಷ್ಟ್ರು ಮಾತ್ರ.

ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಊರು ಶಹಾಬಾದಿನ ಒಂದು ಏಳನೇ ತರಗತಿ ಎಂದಿಟ್ಟುಕೊಳ್ಳಿ. ಆಯತದ ವಿಸ್ತೀರ್ಣ ಕಂಡುಹಿಡಿಯಿರಿ ಎಂದರೆ ಅರ್ಧ ತರಗತಿ ತಲೆ ತಗ್ಗಿಸುತ್ತದೆ. ‘12 ಅಡಿ ಉದ್ದ, 10 ಅಡಿ ಅಗಲದ ಖೋಲಿಗೆ ಎರಡಡಿ ಚೌಕದ ಪರ್ಸಿ ಎಷ್ಟು ಬೇಕು?’ ಅಂದರೆ, ಅಪ್ಪ ಕಲ್ಲಿನ ಗಣಿಗೆ ಹೋಗುವ ಹುಡುಗ ‘ಮೂವತ್ತ್ ಬೇಕಾಗ್ತಾವ್ರಿ ಸರ’ ಅಂದಾನು. ಹಾಗಾದರೆ ತೊಡಕು ಗುಣಾಕಾರದಲ್ಲಿದೆಯೋ, ಪ್ರಶ್ನೆಯ ಭಾಷೆಯಲ್ಲಿದೆಯೋ? ಎರಡೂ ಬಗೆಯಲ್ಲಿ ಲೆಕ್ಕ ಕೊಟ್ಟು, ಯಾರು ಎಲ್ಲಿ ನಿಂತರೆಂದು ಬರೆದಿಟ್ಟುಕೊಳ್ಳಬೇಕು. ಪರ್ಸಿಯಿಂದ ವಿಸ್ತೀರ್ಣಕ್ಕೆ ದಾಟಿಸುವ ದಾರಿ ಹುಡುಕಿ, ಮತ್ತೆ ನೋಡಬೇಕು. ವಾಡಿಯ ಸಿಮೆಂಟ್ ಕಾರ್ಖಾನೆ, ರೈಲ್ವೆ ಜಂಕ್ಷನ್ನಿನಲ್ಲಿ ದುಡಿಯುವವರ ಮಕ್ಕಳಿಗೆ ಈ ಪರ್ಸಿ ಒದಗದೇ ಹೋಗಬಹುದು. ತೊಗರಿ ರಾಶಿಯ ಹೊತ್ತಿಗೆ ಚಿಂಚೋಳಿಯ ಶಾಲೆಯಲ್ಲಿ ಹಾಜರಿ ಇಳಿದರೆ ಅಲ್ಲಿನ ಪ್ರಶ್ನೆಯೇ ಬೇರೆ. ಅದಕ್ಕೇ ಮೇಲಿನಿಂದ ಇಳಿದ ಸಿದ್ಧ ಪ್ರಶ್ನೆ ನನಗೆ ಒಪ್ಪಿಗೆಯಿಲ್ಲ.

ಮೇಷ್ಟ್ರುಗಳಿಂದ ಇದಾಗುತ್ತದೆಯೇ ಎಂದು ಕೇಳುವವರು ನಲಿ-ಕಲಿಯನ್ನು ನೆನೆಯಲಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಲಿಕೆಯ ಕಾರ್ಡು ಬರೆದು ಕಟ್ಟಿದ ಬೋಧನಾ ಕ್ರಮವದು.

ಅವರಿಗೆ ಸಿಕ್ಕಂತೆ ನಮ್ಮ ಜಿಲ್ಲೆಯ ಮೇಷ್ಟ್ರುಗಳಿಗೂ ಜೊತೆ, ಹೊತ್ತು ಎರಡೂ ಸಿಗಬೇಕು. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಕರೆಯುವ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದಕ್ಕೆ ಮೊದಲು ಒಬ್ಬ ಮೇಡಂ ತಮ್ಮ ನೋಟ್‌ಬುಕ್ ಬಿಚ್ಚಿ ತಮ್ಮ ತರಗತಿಯಲ್ಲಿ ಏನಾಯಿತೆಂದು ಓದಲಿ. ಪಕ್ಕದ ತಾಂಡಾ ಶಾಲೆಯವರು ‘ನಮ್ಮಲ್ಲಿ ಹಂಗಾಗಲಿಲ್ಲರೀ ಮೇಡಂ, ಬ್ಯಾರೇನೇ ಆತು’ ಅನ್ನಲಿ. ಊಟದ ಗಂಟೆಯವರೆಗೂ ಆ ಮಾತೇ ನಡೆಯಲಿ.