ಬಾಳೆಗೊನೆಯ ಹರಕೆ

ಸೋಮವಾರ ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ. ಶ್ರಾವಣದಲ್ಲಂತೂ ಇಡೀ ತಿಂಗಳು ಇಲ್ಲ. ಉಳಿದ ದಿನ ತಾಟಿನಲ್ಲಿ ಮೀನು ಕಾಣದಿದ್ದರೆ ನಮ್ಮ ಯಜಮಾನರು, "ಯಾಕೆ, ಯಾರಿಗಾದರೂ ಹುಷಾರಿಲ್ಲವೋ?" ಎಂದು ಕೇಳಿಯೇ ಅನ್ನಕ್ಕೆ ಕೈ ಹಾಕುತ್ತಾರೆ. ಬೈತಖೋಲದಲ್ಲಿ ಮನೆ ಮಾಡಿದವರ ಪಾಡೇ ಹೀಗೆ ಅನ್ನಿ. ಗುಡ್ಡದ ಇಳಿಜಾರಿನಲ್ಲಿ ನಮ್ಮ ಮನೆ, ಕೆಳಗೇ ಮೀನುಗಾರಿಕೆ ಬಂದರ. ಕೋಳಿ ಕೂಗುವ ಮೊದಲೇ ಬೋಟುಗಳ ಎಂಜಿನ್ ಕೂಗಿ ನಮ್ಮನ್ನು ಎಬ್ಬಿಸುತ್ತದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಸರಕಾರದ ನಿಷೇಧ. ಆಗ ಆ ಸದ್ದು ನಿಂತು, ಮಳೆಯ ಸದ್ದು ಮಾತ್ರ ಉಳಿದು, ನನಗೆ ಸರಿಯಾಗಿ ನಿದ್ದೆಯೇ ಬರುವುದಿಲ್ಲ.

ನಾನು ಅಂಕೋಲೆ ಕಡೆಯವಳು. ತವರಿನಲ್ಲೂ ಮೀನು ತಿಂದೇ ಬೆಳೆದವಳು. ಆದರೆ ಅಲ್ಲಿ ಮೀನು ಬುಟ್ಟಿಯಲ್ಲಿ ಕೂತು ನಮ್ಮ ಬಾಗಿಲಿಗೆ ಬರುತ್ತಿತ್ತು, ಇಲ್ಲಿ ನಾವೇ ಮೀನಿನ ಬಾಗಿಲಲ್ಲಿದ್ದೇವೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯವರಿಗೂ ನನಗೂ ಅಡಿಗೆಮನೆಯಲ್ಲಿ ನಡೆದ ವಾದವೆಲ್ಲ ಹೆಸರುಗಳದ್ದು. ನಾನು ಜುಮ್ಮನಕಾಯಿ ಅಂದರೆ ಅವರು ತೆಪ್ಪಲ, ನಾನು ಮುರುಗಲು ಅಂದರೆ ಅವರು ಭಿರಂಡ. ನನ್ನದು ಕನ್ನಡ, ಅವರದು ಕೊಂಕಣಿ. ಬಂಗಡೆ ಮಾತ್ರ ಇಬ್ಬರಿಗೂ ಬಂಗಡೆಯೇ ಆದದ್ದರಿಂದ ಸಂಸಾರ ಸಾಗಿತು. ಮೇ ತಿಂಗಳಲ್ಲಿ ತವರಿನಿಂದ ಕರಿ ಇಷಾಡಿನ ಬುಟ್ಟಿ ಬಂದಾಗ ಅತ್ತೆ ನನ್ನ ಪಕ್ಷಕ್ಕೆ ಸಂಪೂರ್ಣ ಸೇರಿಬಿಡುತ್ತಾರೆ. 2023ರಲ್ಲಿ ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತೆಂದು ಪೇಪರಿನಲ್ಲಿ ಓದಿ ಹೇಳಿದೆ. "ತಿಂದವರಿಗೆ ಗುರುತು ಇತ್ತಲ್ಲ," ಅಂದರು.

ಬೈತಖೋಲ ಎಂಬ ಹೆಸರು ಅರಬ್ಬಿಯಿಂದ ಬಂದದ್ದು, ಸುರಕ್ಷಿತವಾದ ಕೊಲ್ಲಿ ಎಂದು ಅದರ ಅರ್ಥ ಎನ್ನುವವರಿದ್ದಾರೆ. ಅತ್ತೆಯವರ ಕಿವಿಗೆ ಅದರಲ್ಲಿ ಕೇಳುವುದು ಕೊಂಕಣಿಯ ‘ಖೋಲ’, ಅಂದರೆ ಆಳ. ಸುರಕ್ಷಿತವೋ ಆಳವೋ ಎಂಬ ಈ ಪ್ರಶ್ನೆ ಬರಿಯ ಶಬ್ದದ್ದಾಗಿ ಉಳಿಯಲಿಲ್ಲ. ಅದನ್ನೇ ಹೇಳಹೊರಟಿದ್ದೇನೆ.

2018ರ ಮಳೆಗಾಲದಲ್ಲಿ ನಮ್ಮ ಸಣ್ಣವಳಿಗೆ ಜ್ವರ ಬಂತು. ಆಗ ಅವಳಿಗೆ ಐದು ವರ್ಷ. ಟೈಫಾಯ್ಡ್ ಎಂದರು. ಹನ್ನೊಂದು ದಿನ ಇಳಿಯಲಿಲ್ಲ. ಔಷಧಿ ಕುಡಿಸಿದವಳು ನಾನು, ಹರಕೆ ಹೇಳಿದವರು ಅತ್ತೆ: ಕೂರ್ಮಗಡದ ನರಸಿಂಹನಿಗೆ ಒಂದು ಬಾಳೆಗೊನೆ, ಕೂಸನ್ನು ಕರೆದುಕೊಂಡು ಹೋಗಿ. ಜ್ವರ ಯಾವುದಕ್ಕೆ ಇಳಿಯಿತು ಎಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಇಳಿಯಿತು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ನಮ್ಮ ಕಡೆಯವರಲ್ಲದವರಿಗೆ ಹೇಳಬೇಕು: ಕೂರ್ಮಗಡ ಕಾರವಾರದ ಎದುರಿಗಿರುವ ನಡುಗಡ್ಡೆ. ದೂರದಿಂದ ಆಮೆ ಬೆನ್ನು ಮೇಲೆ ಮಾಡಿ ಮಲಗಿದಂತೆ ಕಾಣುತ್ತದೆ. ಪುಷ್ಯ ಮಾಸದ ಹುಣ್ಣಿಮೆಗೆ ಅಲ್ಲಿ ಜಾತ್ರೆ. ಮೀನುಗಾರರು ಬೋಟುಗಳಿಗೆ ಬಾವುಟ, ಹೂವು ಕಟ್ಟಿ ಶೃಂಗಾರ ಮಾಡುತ್ತಾರೆ. ಊರಿನವರು, ಗೋವೆಯವರು, ಘಟ್ಟದ ಮೇಲಿನವರು ಎಲ್ಲ ದೋಣಿಯಲ್ಲೇ ಹೋಗಬೇಕು, ಬೇರೆ ದಾರಿ ಇಲ್ಲ. ಹೆಗಲ ಮೇಲೆ ಬಾಳೆಗೊನೆ ಹೊತ್ತು ಏರು ಹತ್ತುವವರ ಸಾಲು ನೋಡುವಂತಿರುತ್ತದೆ.

2019ರ ಜಾತ್ರೆಗೆ ಗೊನೆಯನ್ನೂ ಹೇಳಿಯಾಗಿತ್ತು. ಅಷ್ಟರಲ್ಲಿ ಯಜಮಾನರ ಚಿಕ್ಕಪ್ಪ ತೀರಿಕೊಂಡರು. ಸೂತಕ, ದೇವರ ಕಾರ್ಯಕ್ಕೆ ಹೋಗುವಂತಿಲ್ಲ. ಜನವರಿ 21, ಸೋಮವಾರ. ಮಧ್ಯಾಹ್ನದ ಮೇಲೆ ಕೆಳಗೆ ಬಂದರದಲ್ಲಿ ಜನ ಓಡುವುದು ಕಾಣಿಸಿತು. ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿತ್ತು. ಮೀನುಗಾರರು, ನೌಕಾಪಡೆಯವರು, ತಟರಕ್ಷಕ ಪಡೆಯವರು ಹುಡುಕಿದರು. ಕೊನೆಗೆ ತೀರಿಕೊಂಡವರ ಲೆಕ್ಕ ಹದಿನಾರಕ್ಕೆ ನಿಂತಿತು. ಹಾವೇರಿ ಜಿಲ್ಲೆಯಿಂದ ಬಂದ ಒಂದೇ ಕುಟುಂಬದ ಹಲವರು ಅದರಲ್ಲಿದ್ದರು, ಮಕ್ಕಳೂ ಇದ್ದರು. ದೋಣಿಗೆ ತಡೆಯುವುದಕ್ಕಿಂತ ಹೆಚ್ಚು ಜನ ಹತ್ತಿದ್ದರೆಂದು ಪತ್ರಿಕೆಗಳು ಬರೆದವು. ಆ ರಾತ್ರಿ ನಮ್ಮ ಕೇರಿಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

ಸಣ್ಣವಳು ಅಜ್ಜಿಯ ಮಗ್ಗುಲಲ್ಲಿ ಮಲಗಿ ಕೇಳಿದಳು, "ಅಜ್ಜೀ, ದೇವರ ಹತ್ತಿರ ಹೋಗಿ ಬರುವವರನ್ನು ದೇವರು ಯಾಕೆ ನೋಡಿಕೊಳ್ಳಲಿಲ್ಲ?" ಗೋಡೆಯ ಈಚೆ ನಾನು ಉಸಿರು ಹಿಡಿದು ಕಾದೆ. ಅತ್ತೆ ಬಹಳ ಹೊತ್ತು ಸುಮ್ಮನಿದ್ದು, "ದೋಣಿಗೆ ಎಷ್ಟು ಜನ ಎಂದು ಎಣಿಸುವುದು ದೇವರ ಕೆಲಸವಲ್ಲ, ಮಗಾ. ಅದು ನಮ್ಮದು," ಅಂದರು. ಕೀರ್ತನೆ, ಪ್ರವಚನ ಬಹಳ ಕೇಳಿದ್ದೇನೆ, ಈ ಪ್ರಶ್ನೆಗೆ ಇದಕ್ಕಿಂತ ಒಪ್ಪುವ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ.

ಆಮೇಲೆ ವರ್ಷಗಳು ಸರಿದವು. ಒಂದು ವರ್ಷ ದೊಡ್ಡವನ ಪರೀಕ್ಷೆ, ಎರಡು ವರ್ಷ ಕೊರೋನಾ, ಅದಾದ ಮೇಲೆ ನನ್ನ ಹೆದರಿಕೆ. ಯಜಮಾನರು ಒಂದು ಉಪಾಯ ತೆಗೆದರು: ಗೊನೆಯನ್ನು ಪರಿಚಯದವರ ಬೋಟಿನಲ್ಲಿ ಕಳಿಸಿದರಾಯಿತು, ನಾವು ಬೈತಖೋಲದ ದಡದಿಂದಲೇ ಕೈಮುಗಿಯೋಣ. "ಜ್ವರ ಬಂದದ್ದು ಗೊನೆಗೋ ಕೂಸಿಗೋ?" ಎಂದು ಅತ್ತೆ ಕೇಳಿದರು. ಮತ್ತೆ ಆ ಮಾತು ಏಳಲಿಲ್ಲ.

ಹರಕೆ ತೀರಿಸಲು ದಾರಿಯೇ ಇಲ್ಲದವರನ್ನೂ ನಾನು ಇಲ್ಲಿಯೇ ನೋಡಿದ್ದೇನೆ. ಪರಿಚಯದ ಕ್ರಿಶ್ಚಿಯನ್ ಅಜ್ಜಿಯೊಬ್ಬರು ಹುಡುಗಿಯಾಗಿದ್ದಾಗ ಅಂಜದೀವ್ ನಡುಗಡ್ಡೆಯ ಹಳೆಯ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದರಂತೆ. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲೆಯ ಕರಾವಳಿಯ ಊರುಗಳು ಎದ್ದವು, ದೇವರುಗಳೂ ಗುಡಿ ಬಿಟ್ಟು ಎದ್ದರು. 2005ರಲ್ಲಿ ನೌಕಾನೆಲೆ ಕಾರ್ಯಾರಂಭ ಮಾಡಿತು. ಅಂಜದೀವ್ ಅದರ ಒಳಗೆ ಸೇರಿತು. ದೇಶದ ರಕ್ಷಣೆ ದೊಡ್ಡದು, ಅದನ್ನು ಅಜ್ಜಿಯೂ ಒಪ್ಪುತ್ತಾರೆ. ಆದರೂ ಸಮುದ್ರದ ಕಡೆ ಮುಖ ಮಾಡಿ ಶಿಲುಬೆಯ ಗುರುತು ಮಾಡುವಾಗ ಅವರ ಕೈ ಒಂದು ಗಳಿಗೆ ಹಣೆಯ ಮೇಲೆಯೇ ನಿಲ್ಲುತ್ತದೆ. ಅದನ್ನು ಕಂಡಾಗಲೆಲ್ಲ, ನಮ್ಮ ದೇವರ ಹತ್ತಿರ ಇನ್ನೂ ದೋಣಿ ಹೋಗುತ್ತದಲ್ಲ ಅನಿಸುತ್ತಿತ್ತು.

ನನ್ನ ಹೆದರಿಕೆಯನ್ನು ಬಿಡಿಸಿದ್ದು ಮಾತ್ರ ದೇವರೂ ಅಲ್ಲ, ಅಜ್ಜಿಯೂ ಅಲ್ಲ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಜಾರಿ ಬಂತು. ಚಹದಂಗಡಿ ಇಟ್ಟುಕೊಂಡಿದ್ದ ಸಂಸಾರ ಹೋಯಿತು. ಗಂಗಾವಳಿಯ ತಳದಿಂದ ಕೇರಳದ ಲಾರಿ ಮೇಲೆ ಬರಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಗೋಕರ್ಣಕ್ಕೆ, ಕುಮಟೆಗೆ ಎಷ್ಟು ಸಲ ಆ ದಾರಿಯಲ್ಲಿ ಹೋಗಿದ್ದೇವೋ! ಅದಾಗಿ ಮೂರು ವಾರದಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಅದರ ಚಾಲಕ ಬದುಕಿದ. ಅವನನ್ನು ಉಳಿಸಿದವರಲ್ಲಿ ದೋಣಿಯ ಮೀನುಗಾರರಿದ್ದರು.

"ಆಯೀ, ಗುಡ್ಡ ಬೀಳ್ತದೆ, ಸೇತುವೆ ಬೀಳ್ತದೆ, ಎತ್ತಲು ದೋಣಿ ಬರ್ತದೆ. ನೀನು ಮಾತ್ರ ದೋಣಿಗೇ ಹೆದರ್ತೀ," ಅಂದಳು ಸಣ್ಣವಳು. ಈಗ ಅವಳು ಸಣ್ಣವಳೇನೂ ಅಲ್ಲ, ನನ್ನ ಭುಜಕ್ಕೆ ಬಂದಿದ್ದಾಳೆ.

2025ರ ಪುಷ್ಯ ಹುಣ್ಣಿಮೆಗೆ ಹೋದೆವು. ಅದೂ ಸೋಮವಾರವೇ. ಗೊನೆ ನನ್ನ ತವರಿನಿಂದ ಬಂತು. ಬಿಣಗಾದಿಂದ ಈಚೆ ಈಗ ಸುರಂಗ ಆಗಿದೆ, ಬೇಗ ಬರಬಹುದು. ಆದರೆ ನನ್ನ ತಮ್ಮ ಗುಡ್ಡ ಸುತ್ತುವ ಹಳೆಯ ದಾರಿಯಲ್ಲೇ ತಂದ. ಆ ತಿರುವಿನಲ್ಲಿ ಒಮ್ಮೆಲೆ ಸಮುದ್ರ ಕಾಣದಿದ್ದರೆ ಅಕ್ಕನ ಊರಿಗೆ ಬಂದಂತೆಯೇ ಆಗುವುದಿಲ್ಲವಂತೆ.

ದೋಣಿ ಹತ್ತುವ ಮೊದಲು ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದರು. ಅತ್ತೆಗೆ ಅದು ನೌವಾರಿ ಸೀರೆಯ ಮೇಲೆ ಕೂರಲೊಲ್ಲದು. ಮಗಳೇ ಪಟ್ಟಿ ಬಿಗಿದಳು. ಬಿಗಿದವಳು ಸುಮ್ಮನೆ ಕೂರದೆ, ಬೆರಳು ಮಡಿಸುತ್ತ ದೋಣಿಯಲ್ಲಿದ್ದವರನ್ನೆಲ್ಲ ಎಣಿಸಿದಳು, ಎಣಿಸಿ ದೋಣಿಯವನಿಗೆ ಲೆಕ್ಕ ಒಪ್ಪಿಸಿದಳು. ಅವನು ನಕ್ಕ. "ನಾನೂ ಎಣಿಸಿದ್ದೇನೆ ಬಾಯೀ, ನನ್ನನ್ನು ಬಿಟ್ಟೆ ನೀನು," ಅಂದ. ನಡುನೀರಿಗೆ ಬಂದಾಗ ದೋಣಿ ಒಮ್ಮೆ ಎತ್ತಿ ಹಾಕಿತು. ನನ್ನ ಒಂದು ಕೈ ಗೊನೆಯ ಮೇಲಿತ್ತು, ಇನ್ನೊಂದು ಮಗಳ ಮಣಿಕಟ್ಟಿನ ಮೇಲೆ. ಹಿಂದೆ ತಿರುಗಿದರೆ ಬೈತಖೋಲ ಗುಡ್ಡದ ಕಂಕುಳಲ್ಲಿ ಕೂತಂತೆ ಕಂಡಿತು. ನಮ್ಮ ಮನೆಯ ಹೆಂಚು ಯಾವುದೆಂದು ಗುರುತು ಸಿಗಲಿಲ್ಲ.

ಗೊನೆ ಅರ್ಪಿಸಿ ಕೈಮುಗಿದಾಗ ಹದಿನಾರು ಜನರ ನೆನಪಾಯಿತು. ಅವರಿಗಾಗಿ ಏನು ಬೇಡಬೇಕೆಂದು ತಿಳಿಯಲಿಲ್ಲ, ಸುಮ್ಮನೆ ನಿಂತೆ. ಅತ್ತೆ ಮಾತ್ರ ದೇವರಿಗೆ, ತಡವಾದದ್ದಕ್ಕೆ ಕಾರಣಗಳನ್ನೆಲ್ಲ ಕೊಂಕಣಿಯಲ್ಲಿ ಸಾವಕಾಶವಾಗಿ ವಿವರಿಸುತ್ತಿದ್ದರು, ಕೊರೋನಾವನ್ನೂ ಬಿಡದೆ.

ಪ್ರಸಾದದ ಬಾಳೆಹಣ್ಣು ಮನೆಗೆ ಬಂತು. ಮರುದಿನ ಸಂಕ್ರಾಂತಿ, ಎಳ್ಳುಬೆಲ್ಲದ ಜೊತೆ ಅಕ್ಕಪಕ್ಕದವರಿಗೂ ಕ್ರಿಶ್ಚಿಯನ್ ಅಜ್ಜಿಗೂ ಹಂಚಿದೆವು. ಅಜ್ಜಿ ಹಣ್ಣನ್ನು ಕಣ್ಣಿಗೊತ್ತಿಕೊಂಡು, "ದರ್ಯಾ ಹೇಗಿತ್ತು?" ಎಂದು ಕೇಳಿದರು. ಶಾಂತವಾಗಿತ್ತು ಅಂದೆ. ಬೆಂಗಳೂರಿನಲ್ಲಿ ಓದುತ್ತಿರುವ ದೊಡ್ಡವನು ರಾತ್ರಿ ಫೋನ್ ಮಾಡಿ ಜಾತ್ರೆಯ ಸುದ್ದಿ ಎಲ್ಲ ಕೇಳಿದ ಮೇಲೆ, ಬರುವವರ ಕೈಯಲ್ಲಿ ಒಣ ಶೆಟ್ಲಿ ಕಳಿಸು ಅಂದ. ವಾಸನೆಗೆ ಹಾಸ್ಟೆಲಿನವರು ಗಲಾಟೆ ಮಾಡದ ಹಾಗೆ ಅದನ್ನು ಎಷ್ಟು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು ಎಂಬ ಬಗ್ಗೆ ಅತ್ತೆಗೂ ನನಗೂ ಈಗ ಮಾತು ನಡೆದಿದೆ.