ಪರರ ಲೆಕ್ಕದ ಕಾವಲು

ವ್ಯಾಪಾರಸ್ಥನ ಮನೆಯಲ್ಲಿ ದೇವರ ಕೋಣೆಯ ನಂತರ ಭಯಭಕ್ತಿಯಿಂದ ಕಾಣಬೇಕಾದ ಸ್ಥಳವೆಂದರೆ ಲೆಕ್ಕದ ಪುಸ್ತಕಗಳ ಕಪಾಟು. ಕಿರ್ದಿಯಲ್ಲಿ ಬರೆದ ಒಂದು ಸಾಲು ಬರೆದವನೊಬ್ಬನ ಸ್ವತ್ತಲ್ಲ. ಕಾಳು ಅಳೆದುಕೊಟ್ಟ ರೈತನಿಗೂ, ಚೀಲ ಹೊತ್ತ ಹಮಾಲಿಗೂ, ಸಾಲಕೊಟ್ಟ ಸಾಹುಕಾರನಿಗೂ ಅದರಲ್ಲಿ ಪಾಲುಂಟು. ಆದ್ದರಿಂದಲೇ ಹಿಂದಿನ ಗುಮಾಸ್ತರು ತಪ್ಪಾದ ಅಂಕೆಯನ್ನು ಕೆರೆದು ಅಳಿಸುತ್ತಿರಲಿಲ್ಲ. ಓದಲು ಬರುವಂತೆ ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕೆ ಬರೆದು ಸಹಿ ಹಾಕುತ್ತಿದ್ದರು. ತಪ್ಪೂ ಕಾಣಬೇಕು, ತಿದ್ದಿದವನ ಕೈಯೂ ಕಾಣಬೇಕು ಎಂಬುದು ಅವರ ನೀತಿ. ಇಂದು ಆ ಕಪಾಟು ಕಣ್ಣಿಗೆ ಕಾಣದ ಸ್ಥಳಕ್ಕೆ ಹೋಗಿದೆ. ಸ್ಥಳ ಬದಲಾದ ಮಾತ್ರಕ್ಕೆ ಧರ್ಮವೂ ಬದಲಾಗುವುದೇ?

ಕರ್ನಾಟಕದಲ್ಲಿ ಈ ಪ್ರಶ್ನೆ ಹಳ್ಳಿಯ ಹೊಸ್ತಿಲಿಗೆ ಬಂದದ್ದು ‘ಭೂಮಿ’ ಯೋಜನೆಯೊಡನೆ. 2001ರ ಹೊತ್ತಿಗೆ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ದಫ್ತರದಿಂದ ತಾಲ್ಲೂಕು ಕಚೇರಿಗಳ ಗಣಕಯಂತ್ರಗಳಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿಯೇ ಯಂತ್ರವನ್ನು ತೆರೆಯಬೇಕು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಕೈಗೆತ್ತಿಕೊಳ್ಳಬೇಕು ಎಂಬ ಕಟ್ಟಳೆಗಳಾದವು. ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯ ರೈತನ ಎರಡೆಕರೆ ಗದ್ದೆಯ ಒಡೆತನವೂ ಅಂದಿನಿಂದ ಒಂದು ಯಂತ್ರದ ನೆನಪಿನಲ್ಲಿದೆ. ‘ಸರ್ವರ್ ಡೌನ್’ ಎಂಬ ಮಾತು ಪಡಿತರ ಅಂಗಡಿಯಿಂದ ನಾಡಕಚೇರಿಯವರೆಗೆ ಎಲ್ಲರ ಬಾಯಲ್ಲೂ ಇದೆ. ಆ ಸರ್ವರನ್ನು ಕಾಯುವವನು ಯಾರು, ಅವನ ಹೊಣೆ ಎಂಥದು ಎಂದು ಯೋಚಿಸುವವರು ವಿರಳ.

ಅಂಥ ಹೊಣೆ ಹೊತ್ತವನು ಹಚ್ಚೊಳ್ಳಿಯ ಒಬ್ಬ ಯುವಕ. ತಾತ ಊರಿನಲ್ಲಿ ಕಾಳುಕಡಿ ವ್ಯಾಪಾರ ಮಾಡಿದವರು. ಮೊಮ್ಮಗ ಬಳ್ಳಾರಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಭತ್ತ ಖರೀದಿಸಿ ಅಕ್ಕಿ ಮಾಡಿಸುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದನು. ಸಂಸ್ಥೆಯ ಸಮಸ್ತ ಲೆಕ್ಕವೂ ಒಂದು ಸಣ್ಣ ಕೋಣೆಯ ಒಂದೇ ಸರ್ವರಿನಲ್ಲಿತ್ತು. ಆದರೆ ಅದರೊಳಗೆ ಐದು ಯಂತ್ರಗಳಿದ್ದವು: ರೈತರ ಖಾತೆಗೊಂದು, ವೇಬ್ರಿಡ್ಜ್ ತೂಕಕ್ಕೊಂದು, ದಾಸ್ತಾನಿಗೊಂದು, ಕೂಲಿ-ಸಂಬಳಕ್ಕೊಂದು, ಹೊಸ ತಂತ್ರಾಂಶವನ್ನು ಪರೀಕ್ಷಿಸಲು ಇನ್ನೊಂದು.

ಒಂದರೊಳಗೆ ಐದು ಎಂದರೆ ವಾಚಕರಿಗೆ ವಿಚಿತ್ರವೆನಿಸಬಹುದು. ವಠಾರದ ಮನೆಯನ್ನು ನೆನೆದರೆ ಸಾಕು. ಅಡಿಪಾಯ ಒಂದು, ಮಾಡು ಒಂದು, ಬಾವಿ ಒಂದು, ಸಂಸಾರಗಳು ಐದು. ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಒಲೆ. ಯಂತ್ರದಲ್ಲಿ ಈ ವಠಾರದ ಯಜಮಾನಿಕೆ ಮಾಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದೂ, ಒಳಗಿನ ಒಂದೊಂದು ಸಂಸಾರಕ್ಕೆ ವರ್ಚುವಲ್ ಯಂತ್ರವೆಂದೂ ಹೆಸರು. ಈ ಉಪಾಯ ಹೊಸದಲ್ಲ. ಐಬಿಎಂ ಸಂಸ್ಥೆ ಇದನ್ನು ತನ್ನ ದೊಡ್ಡ ಗಣಕಗಳಲ್ಲಿ 1960ರ ದಶಕದಲ್ಲಿಯೇ ಸಾಧಿಸಿ, 1972ರಲ್ಲಿ ಗ್ರಾಹಕರಿಗೆಲ್ಲ ಪ್ರಕಟಿಸಿತು. 1998ರಲ್ಲಿ ಅಮೆರಿಕದಲ್ಲಿ ಹುಟ್ಟಿದ ವಿಎಂವೇರ್ ಅದನ್ನು ಸಾಮಾನ್ಯ ಗಣಕಗಳಿಗೆ ಇಳಿಸಿತು. 2007ರಲ್ಲಿ ಕೆವಿಎಂ ಎಂಬುದು ಲಿನಕ್ಸಿನೊಳಗೆ ಸೇರಿದ ಮೇಲೆ ಸಣ್ಣ ವರ್ತಕನಿಗೂ ಇದು ಬೆಲೆಯಿಲ್ಲದೆ ದೊರೆಯುವಂತಾಯಿತು. ಐದು ಯಂತ್ರಗಳ ಖರ್ಚು, ವಿದ್ಯುತ್ತು ಒಂದಕ್ಕೆ ಇಳಿಯಿತು. ಅಪರಿಮಿತ ಸಂಗ್ರಹವನ್ನು ಒಲ್ಲದವರಿಗೆ ಇದು ಮೆಚ್ಚುಗೆಯ ವಿಷಯವೇ.

ಆದರೆ ಮಿತವ್ಯಯದ ಬೆನ್ನಿಗೇ ಒಂದು ಪ್ರಲೋಭನೆಯೂ ಬರುತ್ತದೆ. ಹೈಪರ್‌ವೈಸರ್ ತನ್ನಲ್ಲಿರುವುದಕ್ಕಿಂತ ಹೆಚ್ಚು ಜಾಗವನ್ನು ಯಂತ್ರಗಳಿಗೆ ಕೊಟ್ಟಿರುವುದಾಗಿ ಹೇಳಬಲ್ಲದು. ಎಲ್ಲರೂ ಒಮ್ಮೆಗೇ ಕೇಳಲಾರರು ಎಂಬುದು ಅದರ ಧೈರ್ಯ. ಗೋದಾಮಿನಲ್ಲಿ ಹತ್ತು ಚೀಲವಿರುವಾಗ ಹದಿನೈದು ಚೀಲಕ್ಕೆ ಮುಂಗಡ ಹಿಡಿದ ಹಾಗೆ. ಇದು ತಾನಾಗಿಯೇ ವಂಚನೆಯಲ್ಲ. ಆದರೆ ಹಾಗೆ ಮಾಡಿದವನು ಗೋದಾಮಿನ ಬಾಗಿಲಲ್ಲಿ ನಿದ್ರಿಸುವಂತಿಲ್ಲ.

ಯುವಕನು ನಿದ್ರಿಸಿದನು. ಆಷಾಢದಲ್ಲಿ ರೈತರ ಖಾತೆಯ ತಂತ್ರಾಂಶವನ್ನು ಹೊಸದಾಗಿಸುವ ಮುನ್ನ ಅವನು ಆ ಯಂತ್ರದ ‘ಸ್ನಾಪ್‌ಶಾಟ್’ ತೆಗೆದಿದ್ದನು. ಹಾಗೆಂದರೆ ಹಳೆಯ ಖತಾವಣಿಯನ್ನು ಇದ್ದ ಸ್ಥಿತಿಯಲ್ಲಿ ಮುಚ್ಚಿಟ್ಟು, ಅಂದಿನಿಂದಾಚೆಗಿನ ಬದಲಾವಣೆಗಳನ್ನೆಲ್ಲ ಬೇರೊಂದು ಚೀಟಿಯ ಕಟ್ಟಿನಲ್ಲಿ ಬರೆಯುತ್ತ ಹೋಗುವುದು. ಹೊಸ ತಂತ್ರಾಂಶ ಕೆಟ್ಟರೆ ಚೀಟಿಗಳನ್ನು ಎಸೆದು ಹಳೆಯ ಸ್ಥಿತಿಗೆ ಮರಳಬಹುದು. ಕೆಡದಿದ್ದರೆ ಒಂದೆರಡು ದಿನದಲ್ಲಿ ಚೀಟಿಗಳನ್ನು ಖತಾವಣಿಗೆ ಏರಿಸಿ ಕಟ್ಟನ್ನು ಮುಗಿಸಬೇಕು. ತಂತ್ರಾಂಶ ಕೆಡಲಿಲ್ಲ. ಕಟ್ಟನ್ನು ಮುಗಿಸಲು ಅವನಿಗೆ ನೆನಪಾಗಲಿಲ್ಲ. ನಾಲ್ಕು ತಿಂಗಳು ಚೀಟಿಗಳು ಬೆಳೆದವು. ಜಾಗ ತುಂಬುತ್ತಿದೆ ಎಂಬ ಹಳದಿ ಎಚ್ಚರಿಕೆ ಪರದೆಯ ಮೇಲೆ ಹಲವು ದಿನ ಮೂಡಿತ್ತು. ನಿತ್ಯವೂ ಕಾಣುವುದು ಕ್ರಮೇಣ ಕಾಣದಂತಾಗುತ್ತದೆ.

ಕಾರ್ತಿಕದ ಒಂದು ರಾತ್ರಿ, ಭತ್ತದ ಸುಗ್ಗಿ ಭರದಿಂದಿದ್ದಾಗ, ಡಿಸ್ಕ್ ಪೂರ್ತಿ ತುಂಬಿತು. ಬರೆಯಲು ಜಾಗವಿಲ್ಲದೆ ಒಂದೊಂದಾಗಿ ಯಂತ್ರಗಳು ನಿಂತವು. ಒಂದು ಸಂಸಾರ ಬಾವಿಯನ್ನು ಬತ್ತಿಸಿದರೆ ವಠಾರವೆಲ್ಲ ಬಾಯಾರುವಂತೆ, ತಪ್ಪಿಲ್ಲದ ವೇಬ್ರಿಡ್ಜ್ ಯಂತ್ರವೂ ನಿಂತಿತು. ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು ನಿಂತಿತು. ಮಗಳ ಮದುವೆಗೆಂದು ಮರುದಿನದ ಹಣ ನಂಬಿ ಬಂದ ರೈತನೂ ಆ ಸಾಲಿನಲ್ಲಿದ್ದನು.

ನಡುರಾತ್ರಿ ಎದ್ದುಬಂದ ಯುವಕನಿಗೆ ಫೋನಿನಲ್ಲಿ ಒಬ್ಬ ಪರಿಚಿತನು, “ದೊಡ್ಡದಾಗಿ ಬೆಳೆದ ಕಡತ ಅಳಿಸಿಬಿಡಪ್ಪ, ಜಾಗ ಆಗುತ್ತೆ” ಎಂದನು. ಆ ದೊಡ್ಡ ಕಡತವೇ ಚೀಟಿಯ ಕಟ್ಟು. ಅದನ್ನು ಅಳಿಸಿದ್ದರೆ ನಾಲ್ಕು ತಿಂಗಳಲ್ಲಿ ರೈತರು ಕೊಟ್ಟ ಭತ್ತ, ಪಡೆದ ಹಣ, ಉಳಿದ ಬಾಕಿ ಎಲ್ಲವೂ ಅಳಿದು ಲೆಕ್ಕ ಆಷಾಢಕ್ಕೆ ಮರಳುತ್ತಿತ್ತು. ಭಯದಲ್ಲಿರುವವನಿಗೆ ಶೀಘ್ರವಾದ ಉಪಾಯವೇ ಉತ್ತಮವಾಗಿ ಕಾಣುತ್ತದೆ. ಅವನ ಕೈ ತಡೆದದ್ದು ವಿದ್ಯೆಗಿಂತ ಹೆಚ್ಚಾಗಿ ತಾತನ ಒಂದು ಅಭ್ಯಾಸದ ನೆನಪು: ಅರ್ಥವಾಗದ ಚೀಟಿಯನ್ನು ತಾತ ಎಂದೂ ಹರಿದವರಲ್ಲ.

ಎರಡನೆಯ ಪರೀಕ್ಷೆ ಬೆಳಗಿನ ಜಾವ ಬಂತು. ಮಾಲೀಕರು ಬಂದು, “ಏನಾತಪ್ಪ? ಕರೆಂಟಿಂದ ಏನರ ಕೆಟ್ಟಿತೇನು?” ಎಂದು ಕೇಳಿದರು. ಹೌದೆಂದರೆ ಮುಗಿಯುತ್ತಿತ್ತು, ನೆಪವನ್ನು ಅವರೇ ಕೈಗಿತ್ತಿದ್ದರು. ಯುವಕನು ಸ್ವಲ್ಪ ಹೊತ್ತು ನಿಂತು, “ಇಲ್ರಿ ಸಾವ್ಕಾರ್ರೆ. ತಪ್ಪು ನಂದೇ. ನಾಲ್ಕು ತಿಂಗಳ ಹಿಂದೆ ಮುಗಸಬೇಕಾದ ಕೆಲಸ ಮರತೀನಿ” ಎಂದನು.

ಅವರು ಬೈಯಲಿಲ್ಲವೆಂದಲ್ಲ, ಬೈದರು. ಬೈದ ಮೇಲೆ ಹಳೆಯ ಗುಮಾಸ್ತರನ್ನು ಕರೆಸಿದರು. ಕಾರ್ಬನ್ ಹಾಳೆಯಿಟ್ಟು ತೂಕದ ಚೀಟಿಯನ್ನು ಎರಡು ಪ್ರತಿ ಬರೆದು, ಒಂದನ್ನು ರೈತನಿಗೆ ಕೊಟ್ಟು, ಇನ್ನೊಂದಕ್ಕೆ ಅವನ ಸಹಿ ಪಡೆಯುವ ವ್ಯವಸ್ಥೆಯಾಯಿತು. ಸಾಲು ಕರಗತೊಡಗಿತು. ಮದುವೆಯ ಮನೆಯವನಿಗೆ ಅಂದೇ ನಗದು ಸಂದಿತು.

ಯುವಕನು ಈಗ ನಿಧಾನವಾಗಿ ಕೆಲಸಕ್ಕಿಳಿದನು. ಮೊದಲು ಎಲ್ಲ ಕಡತಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದನು. ಪರೀಕ್ಷೆಗೆಂದಿದ್ದ ಐದನೆಯ ಯಂತ್ರವನ್ನು ಅಲ್ಲಿಗೇ ಸಾಗಿಸಿ ಜಾಗ ಬಿಡಿಸಿದನು. ಏಕೆಂದರೆ ಚೀಟಿಗಳನ್ನು ಖತಾವಣಿಗೆ ಏರಿಸುವ ಕ್ರಿಯೆಗೂ ಒಂದಿಷ್ಟು ಬಯಲು ಬೇಕು. ಆಮೇಲೆ ಖಾತೆಯ ಯಂತ್ರವನ್ನು ನಿಲ್ಲಿಸಿ, ಸ್ನಾಪ್‌ಶಾಟನ್ನು ಕ್ರಮಪ್ರಕಾರ ವಿಲೀನಗೊಳಿಸಿದನು. ಅದು ಮುಗಿಯುವಾಗ ಸಂಜೆಯಾಗಿತ್ತು. ಕೈಚೀಟಿಗಳನ್ನು ಒಂದೊಂದಾಗಿ ಗುಮಾಸ್ತರು ಓದಿದರು, ಅವನು ಏರಿಸಿದನು; ಮೊತ್ತ ತಾಳೆಯಾಯಿತು.

ಇಲ್ಲಿಗೆ ಮುಗಿದಿದ್ದರೆ ಇದು ಸಾಮಾನ್ಯ ಕಥೆ. ಆದರೆ ಆ ರಾತ್ರಿ ಜಾಗ ಹುಡುಕುವಾಗ ಅವನಿಗೆ ಇನ್ನೊಂದು ಸಂಗತಿ ಕಂಡಿತ್ತು. ನಿತ್ಯವೂ ‘ಬ್ಯಾಕಪ್ ಯಶಸ್ವಿ’ ಎಂದು ಬರುತ್ತಿದ್ದ ವರದಿ ನಿಜವಾಗಿತ್ತು. ಆ ಬ್ಯಾಕಪ್ ಮಾತ್ರ ಅದೇ ಡಿಸ್ಕಿನ ಇನ್ನೊಂದು ಮೂಲೆಗೆ ಹೋಗುತ್ತಿತ್ತು. ಡಿಸ್ಕ್ ಸುಟ್ಟಿದ್ದರೆ ಮೂಲವೂ ಪ್ರತಿಯೂ ಒಟ್ಟಿಗೇ ಹೋಗುತ್ತಿದ್ದವು. ಎರಡು ವರ್ಷ ಅವನು ಮಾಲೀಕರಿಗೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಸತ್ಯವೂ ಇರಲಿಲ್ಲ. ಇದನ್ನು ಯಾರೂ ಕಂಡಿರಲಿಲ್ಲ, ಕೇಳುವವರೂ ಇರಲಿಲ್ಲ. ಮರುದಿನ ಅವನೇ ಹೋಗಿ ಹೇಳಿದನು. ಮೊದಲನೆಯ ತಪ್ಪೊಪ್ಪಿಗೆಗಿಂತ ಇದು ಕಠಿನವಾಗಿತ್ತು.

ಇದು ಸಣ್ಣ ಸಂಸ್ಥೆಯ ಸಣ್ಣ ಅಜಾಗರೂಕತೆ ಎನ್ನಬಾರದು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ದೇಜಾನ್ ನಗರದಲ್ಲಿ ಸರ್ಕಾರದ ದತ್ತಾಂಶ ಕೇಂದ್ರಕ್ಕೆ ಬ್ಯಾಟರಿಗಳಿಂದ ಬೆಂಕಿ ತಗುಲಿ 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರ ಕಡತಗಳನ್ನಿಟ್ಟಿದ್ದ ‘ಜಿ-ಡ್ರೈವ್’ ಎಂಬ ಭಂಡಾರದ 858 ಟೆರಾಬೈಟ್ ದತ್ತಾಂಶಕ್ಕೆ ಹೊರಗೆ ಬೇರೊಂದು ಪ್ರತಿಯೇ ಇರಲಿಲ್ಲ, ಅದು ನಾಶವಾಯಿತು. ತಂತ್ರಜ್ಞಾನದಲ್ಲಿ ಮುಂದುವರಿದ ದೇಶಕ್ಕೇ ಹೀಗಾದರೆ ಉಳಿದವರು ಎಷ್ಟು ಎಚ್ಚರವಾಗಿರಬೇಕು!

ಬಸದಿಯ ಕಾಣಿಕೆಯ ಲೆಕ್ಕ, ದತ್ತಿಯ ಪತ್ರ, ವಿದ್ಯಾರ್ಥಿನಿಲಯದ ದಾಖಲೆಗಳು ಇಂದು ಯಂತ್ರದಲ್ಲಿವೆ. ಅವು ಪರರು ನಂಬಿ ಇಟ್ಟ ನ್ಯಾಸ. ಅವುಗಳ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ಸ್ನಾಪ್‌ಶಾಟನ್ನು ಬ್ಯಾಕಪ್ ಎಂದು ಎಣಿಸಬಾರದು. ವರ್ಷಕ್ಕೆ ಎರಡು ಬಾರಿಯಾದರೂ ಪ್ರತಿಯನ್ನು ತೆರೆದು, ಲೆಕ್ಕ ಮರಳಿ ಬರುವುದೇ ಎಂದು ಧರ್ಮದರ್ಶಿಗಳು ತಮ್ಮೆದುರಿಗೇ ನೋಡಬೇಕು. ಯಂತ್ರ ನೋಡಿಕೊಳ್ಳುವ ಹುಡುಗ ತಪ್ಪನ್ನು ತಾನಾಗಿ ಹೇಳಿದಾಗ ಬೈಯಿರಿ. ಆದರೆ ಮುಂದಿನ ಸಾರಿ ಹೇಳಲು ಅಂಜುವಷ್ಟು ಬೈಯಬೇಡಿರಿ.

ಯುವಕನು ಅದೇ ಸಂಸ್ಥೆಯಲ್ಲಿದ್ದಾನೆ. ಸರ್ವರ್ ಕೋಣೆಯಲ್ಲಿ ಈಗ ಒಂದು ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕವಿದೆ. ಪ್ರತಿ ಬದಲಾವಣೆಯೂ ಅದರಲ್ಲಿ ದಿನಾಂಕ, ಸಹಿಯೊಡನೆ ದಾಖಲಾಗುತ್ತದೆ. ಮೊದಲ ಪುಟದಲ್ಲಿ ಆ ಕಾರ್ತಿಕದ ರಾತ್ರಿಯ ತಪ್ಪು ಇದೆ. ಅದನ್ನು ಅವನು ಅಳಿಸಿಲ್ಲ.